ಮನೆಯ ಹಿರಿಯರಿಗೆ ಆರೋಗ್ಯ ನೋಡುವ ಸ್ಮಾರ್ಟ್‌ವಾಚ್: ಕೊಳ್ಳುವ ಮೊದಲಿನಿಂದ ಕೈಗೆ ಕಟ್ಟಿದ ನಂತರದವರೆಗೆ

ಮೈಸೂರು, ಮಂಡ್ಯ ಕಡೆಯ ಅನೇಕ ಮನೆಗಳಲ್ಲಿ ಮಕ್ಕಳು ಪ್ರೀತಿಯಿಂದ ಕೊಡಿಸಿದ ಸ್ಮಾರ್ಟ್‌ವಾಚ್ ಕೆಲವೇ ತಿಂಗಳಲ್ಲಿ ಬೀರು ಸೇರುತ್ತದೆ. ತೆಗೆದು ನೋಡಿದರೆ ವಾಚು ಕೆಟ್ಟಿರುವುದಿಲ್ಲ. ತಪ್ಪಾಗಿರುವುದು ಕ್ರಮದಲ್ಲಿ: ಮೊದಲು ರಿಯಾಯಿತಿ ನೋಡಿ ವಾಚು ಕೊಂಡು, ಅದು ಅಪ್ಪನ ಫೋನಿಗೆ ಹೊಂದುತ್ತದೆಯೇ, ಅಮ್ಮನ ಬಳೆಗಳ ಜೊತೆ ಕೈಯಲ್ಲಿ ನಿಲ್ಲುತ್ತದೆಯೇ, ಅವರು ಬಿದ್ದರೆ ಯಾರ ಫೋನು ಬಾರಿಸಬೇಕು ಎಂಬುದನ್ನೆಲ್ಲ ಆಮೇಲೆ ಯೋಚಿಸುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತಬೇಕು. ಆದ್ದರಿಂದಲೇ ಕೆಳಗೆ ಅಂಗಡಿಯ ಮಾತು ಐದನೆಯ ಹಂತದಲ್ಲಿ ಬರುತ್ತದೆ. ಹಂತಗಳನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ತೋಳಿಗೆ ಪಟ್ಟಿ ಸುತ್ತಿ ನೋಡುವ ಡಿಜಿಟಲ್ ಬಿಪಿ ಯಂತ್ರ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್, ಸೆಕೆಂಡ್ ಮುಳ್ಳಿರುವ ಒಂದು ಗಡಿಯಾರ, ಹಿರಿಯರು ಈಗ ಬಳಸುತ್ತಿರುವ ಫೋನು, ಅವರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಒಂದು ಟೈಲರ್ ಟೇಪು. ಮನೆಯಲ್ಲಿ ಬಿಪಿ ಯಂತ್ರವಿಲ್ಲದಿದ್ದರೆ, ವಾಚಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಅದನ್ನೇ ಕೊಳ್ಳಿ. ಬಿಪಿ, ಶುಗರ್ ಇರುವ ಹಿರಿಯರಿಗೆ ಯಾವ ವಾಚಿಗಿಂತಲೂ ಅದರ ಉಪಯೋಗ ಹೆಚ್ಚು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

## ಹಂತ 1: ಯಾವ ಚಿಂತೆಗೆ ಈ ವಾಚು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

ಡಬ್ಬಿಯ ಮೇಲೆ ಮುದ್ರಿಸಿರುವ ಸೌಲಭ್ಯಗಳ ಪಟ್ಟಿ ಎಷ್ಟೇ ಉದ್ದವಿರಲಿ, ಒಂದು ಮನೆಗೆ ನಿಜವಾಗಿ ಬೇಕಾಗುವುದು ಒಂದೋ ಎರಡೋ. "ಅಮ್ಮ ಒಬ್ಬರೇ ಇರುತ್ತಾರೆ, ಬಿದ್ದರೆ ಗೊತ್ತಾಗಬೇಕು" ಎಂಬುದು ಒಂದು ಚಿಂತೆ. "ಅಪ್ಪನಿಗೆ ಆಗಾಗ ಎದೆ ಡವಗುಟ್ಟುತ್ತದೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಿಂತಿರುತ್ತದೆ" ಎಂಬುದು ಮತ್ತೊಂದು. "ನಡಿಗೆ ಕಡಿಮೆಯಾಗಿದೆ" ಎಂಬುದು ಮೂರನೆಯದು.

ಬೀಳುವ ಚಿಂತೆಯಿದ್ದರೆ ಬಿದ್ದದ್ದನ್ನು ತಾನೇ ಗುರುತಿಸಿ ಕರೆ ಮಾಡುವ ಅಥವಾ ಸಂದೇಶ ಕಳಿಸುವ ವಾಚು ಬೇಕು. ಒತ್ತಿದರೆ ತುರ್ತು ನೆರವು ಕೋರುವ ಎಸ್‌ಒಎಸ್ ಗುಂಡಿ ಮಾತ್ರ ಇರುವುದು ಸಾಲದು, ಏಕೆಂದರೆ ಪ್ರಜ್ಞೆ ತಪ್ಪಿದವರು ಗುಂಡಿ ಒತ್ತಲಾರರು. ಎದೆ ಡವಗುಟ್ಟುವ ಚಿಂತೆಯಿದ್ದರೆ ಇಸಿಜಿ ತೆಗೆಯುವ ವಾಚು ಬೇಕು. ಇದರಲ್ಲಿ ಇನ್ನೊಂದು ಕೈಯ ಬೆರಳನ್ನು ವಾಚಿನ ಗುಂಡಿಯ ಮೇಲೆ ಸುಮಾರು 30 ಸೆಕೆಂಡ್ ಇಟ್ಟರೆ ಹೃದಯ ಬಡಿತದ ಗೆರೆ ದಾಖಲಾಗಿ, ವೈದ್ಯರಿಗೆ ಕಳಿಸಬಹುದಾದ ಪಿಡಿಎಫ್ ಸಿಗುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಬಡಿತವನ್ನು ಹಿಡಿಯಲು ಇದು ನೆರವಾಗುತ್ತದೆ. ಆದರೆ ಹೃದಯಾಘಾತವನ್ನು ಇದು ಗುರುತಿಸುವುದಿಲ್ಲ. ನಡಿಗೆಯ ಚಿಂತೆಗೆ ಸಾಧಾರಣ ಬೆಲೆಯ ಫಿಟ್‌ನೆಸ್ ಬ್ಯಾಂಡ್ ಸಾಕು, ಹೆಚ್ಚು ಖರ್ಚು ಮಾಡಬೇಕಿಲ್ಲ.

ವಾಚಿನಿಂದ ನಿರೀಕ್ಷಿಸಬಾರದ ಎರಡು ಸಂಗತಿಗಳಿವೆ. ಮೊದಲನೆಯದು ಶುಗರ್. ಚರ್ಮಕ್ಕೆ ಚುಚ್ಚದೆ ಸಕ್ಕರೆ ಅಂಶ ಅಳೆಯುತ್ತೇವೆಂದು ಹೇಳಿಕೊಳ್ಳುವ ವಾಚು ಮತ್ತು ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಅಂಥ ಯಾವ ಸಾಧನಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದೂ ಹೇಳಿತು. ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಸುಳ್ಳು ಅಂಕಿಯನ್ನು ನಂಬಿ ಡೋಸ್ ಬದಲಿಸಿದರೆ ಪ್ರಾಣಕ್ಕೇ ಅಪಾಯ. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ತಂತು ಇಳಿಸುವ ಸೆನ್ಸರ್‌ನ ಅಂಕಿಯನ್ನು ವಾಚಿನ ಪರದೆಯಲ್ಲಿ ತೋರಿಸುವ ವ್ಯವಸ್ಥೆ ಬೇರೆ. ಅಲ್ಲಿ ಅಳೆಯುವುದು ಸೆನ್ಸರ್, ವಾಚು ತೋರಿಸುತ್ತದೆ ಅಷ್ಟೆ.

ಎರಡನೆಯದು ಬಿಪಿ. ಕೈಗೆ ಕಟ್ಟುವ ಹೆಚ್ಚಿನ ವಾಚುಗಳು ಬೆಳಕು ಹಾಯಿಸಿ ಬಿಪಿಯನ್ನು ಅಂದಾಜಿಸುತ್ತವೆಯೇ ಹೊರತು ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚಿನ ಬಿಪಿ ಸೌಲಭ್ಯವನ್ನು ಕೂಡ 28 ದಿನಕ್ಕೊಮ್ಮೆ ತೋಳಿನ ಯಂತ್ರಕ್ಕೆ ಹೋಲಿಸಿ ಸರಿಪಡಿಸಬೇಕಾಗುತ್ತದೆ. ಹೀಗಿರುವಾಗ, ಯಾವ ಹೋಲಿಕೆಯನ್ನೂ ಕೇಳದೆ ಕಟ್ಟಿದ ತಕ್ಷಣ ಬಿಪಿ ಹೇಳುವ ಎರಡು ಸಾವಿರ ರೂಪಾಯಿಯ ವಾಚಿನ ಅಂಕಿಗೆ ಬೆಲೆ ಕೊಡಬೇಡಿ.

## ಹಂತ 2: ಕಟ್ಟಿಕೊಳ್ಳುವವರ ಕೈ, ಕಣ್ಣು, ಚರ್ಮ, ಮಾತ್ರೆಗಳನ್ನು ನೋಡಿ

ಡಯಾಲಿಸಿಸ್‌ಗಾಗಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿರುವ ಕೈಗೆ ವಾಚು ಕಟ್ಟಲೇಬಾರದು. ಬಿಗಿಯಾದ ಪಟ್ಟಿ ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಒಂದು ತೋಳು ಊದಿಕೊಳ್ಳುವವರು ಇನ್ನೊಂದು ಕೈಯನ್ನು ಬಳಸಲಿ. ಪೇಸ್‌ಮೇಕರ್ ಇರುವವರ ಮನೆಯಲ್ಲಿ ವಾಚಿನ ಚಾರ್ಜರಿನಲ್ಲೂ ಕೆಲವು ಪಟ್ಟಿಗಳಲ್ಲೂ ಇರುವ ಆಯಸ್ಕಾಂತದ ಬಗ್ಗೆ ಎಚ್ಚರ ಬೇಕು. ಅವನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್, ಚಾರ್ಜ್ ಆಗುತ್ತಿರುವಾಗ 30 ಸೆಂಟಿಮೀಟರ್‌ಗಿಂತ ದೂರ ಇಡಬೇಕು. ಅಂದರೆ ಶರ್ಟಿನ ಜೇಬಿಗೆ ವಾಚು ಹಾಕಿಕೊಳ್ಳುವ ಅಭ್ಯಾಸ ಬಿಡಬೇಕು. ಇಂಥವರು ಹೃದ್ರೋಗ ತಜ್ಞರನ್ನು ಕೇಳಿದ ನಂತರವೇ ಮುಂದಿನ ಹಂತಕ್ಕೆ ಹೋಗಲಿ.

ಮಾತ್ರೆಗಳ ಚೀಟಿಯಲ್ಲಿ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಹೆಸರುಗಳಿವೆಯೇ ನೋಡಿ. ಬೀಟಾ ಬ್ಲಾಕರ್ ಎಂಬ ಈ ಮಾತ್ರೆಗಳು ನಾಡಿಯನ್ನು ನಿಧಾನಗೊಳಿಸುತ್ತವೆ. ವಾಚಿಗೆ ಇದು ತಿಳಿಯದು. ವಯಸ್ಸಿನ ಲೆಕ್ಕದಲ್ಲಿ ಗುರಿ ನಿಗದಿಮಾಡಿ, "ಇನ್ನೂ ವೇಗವಾಗಿ ನಡೆಯಿರಿ" ಎಂದು ಒತ್ತಾಯಿಸುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರ ಚರ್ಮ ಬೇಗ ಕಂದುಗಟ್ಟುವುದರಿಂದ ಅವರಿಗೆ ಬಕಲ್ ಬದಲು ಮೆತ್ತನೆಯ ಬಟ್ಟೆ ಪಟ್ಟಿ ಒಳ್ಳೆಯದು. ಬೆರಳಿನ ಗೆಣ್ಣು ನೋವಿರುವವರಿಗೂ ಇದೇ ಮಾತು: ಬಕಲ್‌ನ ತೂತಿಗೆ ಕಡ್ಡಿ ಸೇರಿಸುವ ಕೆಲಸವೇ ವಾಚು ಬಿಡಿಸುವಷ್ಟು ಕಿರಿಕಿರಿ ಮಾಡುತ್ತದೆ. 20 ಅಥವಾ 22 ಮಿಲಿಮೀಟರ್‌ನ ಸಾಮಾನ್ಯ ಪಟ್ಟಿ ಹಿಡಿಯುವ ವಾಚಾದರೆ, ಪಟ್ಟಿಯನ್ನು ಊರಿನಲ್ಲೇ ಬದಲಾಯಿಸಿಕೊಳ್ಳಬಹುದು.

ಬಳೆಗಳ ವಿಷಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಹೆಚ್ಚಿನವರು ಎರಡೂ ಕೈಗೆ ಗಾಜಿನ ಬಳೆಯನ್ನೋ ಚಿನ್ನದ ಬಳೆಯನ್ನೋ ತೊಟ್ಟಿರುತ್ತಾರೆ. ಅವನ್ನು ತೆಗೆಯಿರಿ ಎಂದು ಹೇಳಲು ಯಾರಿಗೂ ಹಕ್ಕಿಲ್ಲ. ಆದರೆ ಬಳೆ ಜಾರಿ ವಾಚಿನ ಕೆಳಗೆ ಸೇರಿಕೊಂಡರೆ ಸೆನ್ಸರ್ ಚರ್ಮದಿಂದ ಮೇಲೇಳುತ್ತದೆ, ಬೆಳಕು ಸೋರುತ್ತದೆ, ನಾಡಿಯ ಅಂಕಿ ತಲೆಕೆಳಗಾಗುತ್ತದೆ. ಬಳೆಗಳು ಕೈ ಕಡೆಗಿದ್ದು, ವಾಚು ಅವುಗಳ ಹಿಂದೆ ಮೊಣಕೈ ಕಡೆಗೆ ಕೂರುವಂತೆ ನೋಡಿಕೊಳ್ಳಿ. ಟೈಲರ್ ಟೇಪಿನಲ್ಲಿ ಸುತ್ತಳತೆ ತೆಗೆಯಬೇಕಾದದ್ದು ಆ ಜಾಗದಲ್ಲಿ. ಕೈಗೆ ಕಟ್ಟಿದ ದೇವಸ್ಥಾನದ ದಾರಕ್ಕೂ ಇದೇ ನಿಯಮ.

## ಹಂತ 3: ಫೋನಿನ ಪರೀಕ್ಷೆ

ಇಲ್ಲಿ ಎಡವುವವರೇ ಹೆಚ್ಚು. ಆ್ಯಪಲ್ ವಾಚು ಐಫೋನಿನ ಜೊತೆ ಮಾತ್ರ ಕೆಲಸ ಮಾಡುತ್ತದೆ. 2021ರ ಗ್ಯಾಲಕ್ಸಿ ವಾಚ್ 4ರಿಂದೀಚೆಗಿನ ಸ್ಯಾಮ್‌ಸಂಗ್ ವಾಚುಗಳು ಐಫೋನಿಗೆ ಜೋಡಣೆಯಾಗುವುದಿಲ್ಲ. ಬೇರೆ ಕಂಪನಿಯ ಆಂಡ್ರಾಯ್ಡ್ ಫೋನಿಗೆ ಜೋಡಣೆಯಾದರೂ ಅವುಗಳ ಇಸಿಜಿ ಮತ್ತು ಬಿಪಿ ಆ್ಯಪ್‌ಗೆ ಸ್ಯಾಮ್‌ಸಂಗ್ ಫೋನೇ ಬೇಕು. ಮಗನ ಹತ್ತಿರ ಐಫೋನ್ ಇದೆ ಎಂಬ ಕಾರಣಕ್ಕೆ ರೆಡ್‌ಮಿ ಫೋನಿಟ್ಟುಕೊಂಡ ತಂದೆಗೆ ಆ್ಯಪಲ್ ವಾಚು ತಂದರೆ ಅದು ಆ ಫೋನಿಗೆ ಜೋಡಣೆಯಾಗುವುದಿಲ್ಲ. ನೋಡಬೇಕಾದದ್ದು ಹಿರಿಯರ ಜೇಬಿನಲ್ಲಿರುವ ಫೋನನ್ನು.

ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆವೃತ್ತಿ ಎಷ್ಟೆಂದು ಬರೆದುಕೊಳ್ಳಿ. ವಾಚಿನ ಆ್ಯಪ್ ಆ ಆವೃತ್ತಿಯಲ್ಲಿ ನಡೆಯುತ್ತದೆಯೇ ಎಂಬುದನ್ನು ಪ್ಲೇ ಸ್ಟೋರ್‌ನಲ್ಲಿ ಅದೇ ಫೋನಿನಿಂದ ಹುಡುಕಿ ಖಚಿತಪಡಿಸಿಕೊಳ್ಳಿ. ಫೋನಿನಲ್ಲಿ ಜಾಗ ತುಂಬಿದ್ದರೆ ಹಬ್ಬದ ಶುಭಾಶಯದ ವಿಡಿಯೊಗಳನ್ನು ಅಳಿಸಿ ಜಾಗ ಮಾಡಬೇಕಾಗುತ್ತದೆ.

ಹಿರಿಯರು ಕೀಪ್ಯಾಡ್ ಫೋನನ್ನೇ ಬಳಸುತ್ತಿದ್ದು ಅದರಲ್ಲೇ ಸುಖವಾಗಿದ್ದರೆ ಅವರ ಮೇಲೆ ಎರಡು ಹೊಸ ಯಂತ್ರಗಳನ್ನು ಒಟ್ಟಿಗೆ ಹೇರಬೇಡಿ. ಹಿಂಬದಿಯಲ್ಲಿ ಎಸ್‌ಒಎಸ್ ಗುಂಡಿಯಿರುವ, ದೊಡ್ಡ ಅಕ್ಷರದ ಕೀಪ್ಯಾಡ್ ಫೋನುಗಳು ಸಿಗುತ್ತವೆ. ಸದ್ಯಕ್ಕೆ ಅದೇ ಸರಿಯಾದ ಆಯ್ಕೆಯಾಗಬಹುದು.

ಕರೆಯ ವಿಷಯವನ್ನೂ ಇಲ್ಲೇ ತೀರ್ಮಾನಿಸಿ. "ಬ್ಲೂಟೂತ್ ಕಾಲಿಂಗ್" ಎಂದು ಬರೆದಿರುವ ವಾಚು ಸ್ವತಂತ್ರವಾಗಿ ಕರೆ ಮಾಡಲಾರದು. ಫೋನು ಸುಮಾರು 10 ಮೀಟರ್ ಒಳಗೆ ಇರಬೇಕು, ನಡುವೆ ಗೋಡೆಗಳಿದ್ದರೆ ಇನ್ನೂ ಹತ್ತಿರ. ಫೋನನ್ನು ಟಿ.ವಿ. ಪಕ್ಕ ಇಟ್ಟು ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ, ಫೋನು ಮನೆಯಲ್ಲೇ ಬಿಟ್ಟು ಕುಕ್ಕರಹಳ್ಳಿ ಕೆರೆ ಸುತ್ತಲು ಹೋಗುವವರಿಗೆ ಅದು ನೆರವಾಗದು. ಅವರಿಗೆ ಇ-ಸಿಮ್ (ಒಳಗೇ ಅಡಕವಾದ ಸಿಮ್) ಇದ್ದು ಫೋನಿಲ್ಲದೆಯೇ ಕರೆ ಮಾಡಬಲ್ಲ ಎಲ್‌ಟಿಇ ವಾಚು ಬೇಕು. ಅದನ್ನು ಯಾವ ಮೊಬೈಲ್ ಕಂಪನಿ ಒಪ್ಪುತ್ತದೆ, ಗದ್ದೆಯ ಬಳಿ ಆ ಕಂಪನಿಯ ಸಿಗ್ನಲ್ ಸಿಗುತ್ತದೆಯೇ ಎಂದು ಅದೇ ಜಾಗದಲ್ಲಿ ನಿಂತು ಕರೆ ಮಾಡಿ ನೋಡಿ.

## ಹಂತ 4: ಕರೆ ಬಂದಾಗ ಓಡಿಬರುವವರು ಯಾರು?

ವಾಚು ಸುದ್ದಿ ಮುಟ್ಟಿಸುತ್ತದೆ, ಎತ್ತಿ ಕೂರಿಸುವುದಿಲ್ಲ. ತುರ್ತು ಸಂಪರ್ಕದಲ್ಲಿ ಬೆಂಗಳೂರಿನ ಮಗ, ಅಮೆರಿಕದ ಮಗಳು ಇಬ್ಬರ ಸಂಖ್ಯೆ ಮಾತ್ರ ಹಾಕುವುದು ನಾನು ಮತ್ತೆ ಮತ್ತೆ ನೋಡುವ ತಪ್ಪು. ಮೊದಲ ಸಂಖ್ಯೆ ಐದು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲವರದ್ದಾಗಿರಬೇಕು: ಪಕ್ಕದ ಮನೆಯವರು, ಅದೇ ಬೀದಿಯ ತಮ್ಮನ ಮಗ, ಮಹಡಿಯ ಬಾಡಿಗೆದಾರರು. ಅವರನ್ನು ಕೇಳಿ ಒಪ್ಪಿಸಿ, ಮನೆಯ ಇನ್ನೊಂದು ಬೀಗದ ಕೈಯನ್ನು ಅವರ ಬಳಿ ಕೊಟ್ಟಿರಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಅಭ್ಯಾಸವಿದ್ದರೆ, ಹೊರಗಿನಿಂದಲೂ ತೆಗೆಯಬಹುದಾದ ಬೀಗಕ್ಕೆ ಬದಲಾಯಿಸುವುದು ವಾಚು ಕೊಳ್ಳುವಷ್ಟೇ ಮುಖ್ಯ.

## ಹಂತ 5: ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

ಹಿರಿಯರನ್ನೂ ಅವರ ಫೋನನ್ನೂ ಜೊತೆಗೆ ಕರೆದೊಯ್ಯಿರಿ. ದೇವರಾಜ ಅರಸು ರಸ್ತೆಯಾಗಲಿ, ಮಂಡ್ಯದ ವಿ.ವಿ. ರಸ್ತೆಯಾಗಲಿ, ಸಂಜೆಯ ನೂಕುನುಗ್ಗಲಿನಲ್ಲಿ ಹೋಗದೆ ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಡೆಮೊ ವಾಚನ್ನು ನಿಧಾನವಾಗಿ ನೋಡಲು ಬಿಡುತ್ತಾರೆ. ಸೀಲ್ ಒಡೆದ ಮೇಲೆ ಹಿಂದಿರುಗಿಸಿಕೊಳ್ಳದ ಅಂಗಡಿಗಳೇ ಹೆಚ್ಚಾದ್ದರಿಂದ ಎಲ್ಲ ಪರೀಕ್ಷೆಯೂ ಡೆಮೊ ವಾಚಿನಲ್ಲೇ ಮುಗಿಯಬೇಕು.

ಮೊದಲನೆಯದು ಕಣ್ಣಿನ ಪರೀಕ್ಷೆ. ಕನ್ನಡಕ ತೆಗೆದು, ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಂತು ಸಮಯ ಓದಿಸಿ. ಕೈ ಎತ್ತಿದಾಗ ಮಾತ್ರ ಬೆಳಗುವ ಪರದೆ ಅನೇಕ ಹಿರಿಯರಿಗೆ ಹೊಂದುವುದಿಲ್ಲ, ಏಕೆಂದರೆ ಅವರು ಕೈಯನ್ನು ನಿಧಾನವಾಗಿ ತಿರುಗಿಸುತ್ತಾರೆ, ವಾಚು ಅದನ್ನು ಗುರುತಿಸುವುದಿಲ್ಲ. ಬ್ಯಾಟರಿ ಬೇಗ ಇಳಿದರೂ ಸರಿ, ಪರದೆ ಸದಾ ಬೆಳಗುವ ವಾಚನ್ನೇ ಆರಿಸಿ.

ಎರಡನೆಯದು ಕನ್ನಡದ ಪರೀಕ್ಷೆ. ಡೆಮೊ ವಾಚಿಗೆ ಹಿರಿಯರ ಫೋನನ್ನು ಜೋಡಿಸಿ, "ಅಮ್ಮ, ಮಾತ್ರೆ ತಗೊಂಡ್ಯಾ?" ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಅಗ್ಗದ ವಾಚುಗಳಲ್ಲಿ ಕನ್ನಡದ ಬದಲು ಸಾಲುಸಾಲು ಖಾಲಿ ಚೌಕಗಳು ಕಾಣುತ್ತವೆ. ಕೆಲವದರಲ್ಲಿ ಅಕ್ಷರ ಬಂದರೂ ಒತ್ತುಗಳು ಕಳಚಿ "ಅಮ್ಮ" ಎಂಬುದು "ಅಮ್‌ಮ" ಆಗಿರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಈ ಒಂದು ಪರೀಕ್ಷೆಯೇ ತೀರ್ಪು ಕೊಟ್ಟುಬಿಡುತ್ತದೆ.

ಮೂರನೆಯದು ನಾಡಿ. ಹಿರಿಯರನ್ನು ಐದು ನಿಮಿಷ ಕೂರಿಸಿ, ಹೆಬ್ಬೆರಳಿನ ಬುಡದ ಬಳಿ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಅದೇ ಹೊತ್ತಿಗೆ ವಾಚು ಏನು ಹೇಳುತ್ತದೆ ನೋಡಿ. ನಾಲ್ಕೈದು ಬಡಿತದ ವ್ಯತ್ಯಾಸ ಸಹಜ. ಹದಿನೈದು ಇಪ್ಪತ್ತು ಆದರೆ ಪಟ್ಟಿ ಬಿಗಿ ಮಾಡಿ ಇನ್ನೊಮ್ಮೆ ನೋಡಿ, ಆಗಲೂ ಹಾಗೆಯೇ ಬಂದರೆ ಬೇರೆ ವಾಚು ತೋರಿಸಲು ಹೇಳಿ. ನಾಡಿಯೇ ತಾಳತಪ್ಪಿದಂತೆ ಕೈಗೆ ಸಿಕ್ಕರೆ ವಾಚಿನ ವಿಷಯ ಅಲ್ಲಿಗೇ ಬಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಿ.

ನಾಲ್ಕನೆಯದು ಬಿಪಿ ಹೇಳುವ ವಾಚುಗಳಿಗೆ. ಒಂದು ಟವೆಲನ್ನು ಸುರುಳಿ ಸುತ್ತಿ ವಾಚನ್ನು ಅದಕ್ಕೆ ಕಟ್ಟಿ ಬಿಪಿ ಗುಂಡಿ ಒತ್ತಿ. ಟವೆಲಿಗೂ 120/80 ಎಂದು ತೋರಿಸಿದರೆ ಆ ಅಂಕಿ ಎಲ್ಲಿಂದ ಬಂತೆಂದು ನಿಮಗೇ ಅರ್ಥವಾಗುತ್ತದೆ. ನಾಡಿಯ ಅಂಕಿಗೆ ಈ ಪರೀಕ್ಷೆ ಸಲ್ಲದು. ಬೆಳಕು ಬಟ್ಟೆಯಿಂದಲೂ ಪ್ರತಿಫಲಿಸುವುದರಿಂದ ಒಳ್ಳೆಯ ವಾಚು ಕೂಡ ಕ್ಷಣಕಾಲ ಏನಾದರೂ ತೋರಿಸಬಹುದು.

ಕೊನೆಗೆ ಡಬ್ಬಿ ಮತ್ತು ಬಿಲ್ಲು. ಭಾರತದಲ್ಲಿ ಮಾರುವ ಸ್ಮಾರ್ಟ್‌ವಾಚಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ "ಆರ್" ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆ್ಯಪ್ ಅನ್ನು ಪ್ಲೇ ಸ್ಟೋರ್ ಬಿಟ್ಟು ಕ್ಯೂಆರ್ ಕೋಡ್ ಮೂಲಕ ಬೇರೆಲ್ಲಿಂದಲೋ ಇಳಿಸಿಕೊಳ್ಳಲು ಹೇಳಿದರೆ ಆ ವಾಚು ಬೇಡ. ಆ್ಯಪಲ್ ವಾಚ್ ಅಲ್ಟ್ರಾದ ರೂಪದಲ್ಲೇ ಕೆಲವು ಸಾವಿರಕ್ಕೆ ಸಿಗುವ ನಕಲುಗಳೂ ಬೇಡ. ಜಿಎಸ್‌ಟಿ ಬಿಲ್ಲು ಪಡೆಯಿರಿ. ಸರ್ವಿಸ್ ಸೆಂಟರ್ ಮೈಸೂರಿನಲ್ಲೇ ಇದೆಯೇ, ಬೇರೆ ಊರಿಗೆ ಕಳಿಸಬೇಕೇ ಎಂದು ಕೇಳಿ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

## ಹಂತ 6: ಮೊದಲ ದಿನದ ಹೊಂದಾಣಿಕೆ

ವಾಚನ್ನು ಪೂರ್ತಿ ಚಾರ್ಜ್ ಮಾಡಿ, ಹಿರಿಯರ ಫೋನಿನಲ್ಲೇ ಅವರ ಹೆಸರಿನಲ್ಲೇ ಖಾತೆ ತೆರೆಯಿರಿ. ಹುಟ್ಟಿದ ವರ್ಷ ತಪ್ಪಾಗಿ ಹಾಕಬೇಡಿ: ಆ್ಯಪಲ್ ವಾಚಿನಲ್ಲಿ ವಯಸ್ಸು 55 ದಾಟಿದೆ ಎಂದು ನಮೂದಿಸಿದರೆ ಬೀಳುವಿಕೆಯ ಗುರುತಿಸುವಿಕೆ ತಾನಾಗಿ ಚಾಲೂ ಆಗುತ್ತದೆ, ಇಲ್ಲದಿದ್ದರೆ ನಾವೇ ಚಾಲೂ ಮಾಡಬೇಕು. ಬೇರೆ ವಾಚುಗಳಲ್ಲಿ ಸೆಟ್ಟಿಂಗ್ಸ್‌ನೊಳಗೆ ಹುಡುಕಿ ಚಾಲೂ ಮಾಡಿ.

ನಂತರದ ಕೆಲಸವನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ. ಶಿಯೋಮಿ, ವಿವೊ, ಒಪ್ಪೊ, ರಿಯಲ್‌ಮಿಯಂಥ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ವಾಚಿನ ಆ್ಯಪ್ ಹೀಗೆ ನಿಂತರೆ ಕೈಯಲ್ಲಿ ವಾಚು ಬೆಳಗುತ್ತಲೇ ಇರುತ್ತದೆ, ಆದರೆ ಎಸ್‌ಒಎಸ್ ಎಲ್ಲಿಗೂ ತಲುಪುವುದಿಲ್ಲ. ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ನಿರ್ಬಂಧವಿಲ್ಲ ಎಂದು ಬದಲಿಸಿ, ಆಟೊಸ್ಟಾರ್ಟ್ ಅನುಮತಿ ಕೊಡಿ, ಲೊಕೇಷನ್ ಅನುಮತಿಯನ್ನು "ಯಾವಾಗಲೂ" ಎಂದಿಡಿ. ಮರುದಿನ ಬೆಳಗ್ಗೆ, ರಾತ್ರಿಯಿಡೀ ಫೋನು ಮುಟ್ಟದೆ ಇದ್ದ ಮೇಲೆ, ಮೊದಲ ಸಂಪರ್ಕದವರಿಗೆ ಮುಂಚೆಯೇ ತಿಳಿಸಿ ಎಸ್‌ಒಎಸ್ ಒತ್ತಿಸಿ ನೋಡಿ. ಕೆಲವು ವಾಚುಗಳು ನೇರವಾಗಿ ಸರ್ಕಾರದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುತ್ತವೆ. ಅಂಥವುಗಳಲ್ಲಿ ಕ್ಷಣಗಣನೆ ಆರಂಭವಾದೊಡನೆ ರದ್ದುಮಾಡಲು ಕಲಿಸಿ, ಪರೀಕ್ಷೆಗಾಗಿ ಪೊಲೀಸರಿಗೆ ಕರೆ ಹೋಗಬಾರದು.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಮೊದಲೇ ಇದ್ದರೆ ಅದನ್ನು ಇಳಿಸಿ. ಈಗ ಎಷ್ಟು ನಡೆಯುತ್ತಾರೋ ಅದಕ್ಕಿಂತ ಐನೂರು ಹೆಚ್ಚಿಗೆ ಇಟ್ಟು ಕ್ರಮೇಣ ಏರಿಸುವುದು ಒಳಿತು. 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಯ ಹೊತ್ತಿಗೆ ಹೆಚ್ಚಿನ ಪ್ರಯೋಜನ ಸಿಕ್ಕಿಬಿಡುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳ ಸಂದೇಶ, ಜಾಹೀರಾತು, ನಿದ್ದೆಯ ಅಂಕ ಎಲ್ಲವನ್ನೂ ನಿಲ್ಲಿಸಿ, ಕರೆ ಮತ್ತು ಮಾತ್ರೆಯ ನೆನಪು ಮಾತ್ರ ಉಳಿಸಿ. ಪ್ರತಿ ಐದು ನಿಮಿಷಕ್ಕೊಮ್ಮೆ ನಡುಗುವ ವಾಚನ್ನು ಯಾರೂ ಕಟ್ಟಿಕೊಳ್ಳಲಾರರು.

## ಹಂತ 7: ಮೊದಲ ಎರಡು ವಾರ

ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಿನಷ್ಟು ಮೇಲೆ, ಜಾರದಷ್ಟು ಬಿಗಿಯಾಗಿ, ಗುರುತು ಬೀಳದಷ್ಟು ಸಡಿಲವಾಗಿ ಕಟ್ಟಬೇಕು. ಎಣ್ಣೆಸ್ನಾನದ ದಿನ ಹಿಂಬದಿಯ ಗಾಜಿನ ಮೇಲೆ ಜಿಡ್ಡು ಕೂತು ಅಂಕಿಗಳು ಏರುಪೇರಾಗುತ್ತವೆ; ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ವಾಕರ್ ಹಿಡಿದು ನಡೆಯುವವರ ತೋಳು ಬೀಸದ ಕಾರಣ ಹೆಜ್ಜೆ ಕಡಿಮೆ ಲೆಕ್ಕಕ್ಕೆ ಬರುತ್ತದೆ, ಮುದ್ದೆ ತೊಳಸುವಾಗ ನಡೆಯದೆಯೂ ಹೆಜ್ಜೆ ಏರಬಹುದು. ಇದರಿಂದ ಗಾಬರಿ ಬೇಡ.

ಸ್ನಾನದ ಮನೆಯ ವಿಷಯ ಗಂಭೀರವಾದದ್ದು. ಒದ್ದೆ ನೆಲದಲ್ಲಿ ಜಾರುವ ಭಯವಿರುವುದು ಅಲ್ಲಿ. ವಾಚನ್ನು ಬಿಚ್ಚಿಟ್ಟು ಹೋಗುವುದೂ ಅಲ್ಲಿಗೇ. ಬೀಳುವ ಚಿಂತೆಗಾಗಿ ವಾಚಾದರೆ, ಕೊಳ್ಳುವಾಗಲೇ ನೀರು ತಡೆಯುವ ಮಟ್ಟ 5 ಎಟಿಎಂ ಎಂದು ಬರೆದಿರುವುದನ್ನು ಆರಿಸಿ, ಕಟ್ಟಿಕೊಂಡೇ ಹೋಗುವಂತೆ ಹೇಳಿ. ಬಿಸಿನೀರನ್ನು ನೇರವಾಗಿ ಅದರ ಮೇಲೆ ಸುರಿಯದಿರಲಿ, ಸೋಪು ತಾಗಿದರೆ ತಣ್ಣೀರಿನಲ್ಲಿ ತೊಳೆದು ಒರೆಸಲಿ. ಸೋಪು ಮತ್ತು ಹಬೆಯಿಂದ ವಾಚಿನ ಆಯಸ್ಸು ಸ್ವಲ್ಪ ಕಡಿಮೆಯಾಗಬಹುದು, ನೀರಿನ ಹಾನಿಗೆ ವಾರಂಟಿ ಸಿಗದಿರಲೂಬಹುದು. ಆದರೂ ನನ್ನ ಸಲಹೆ ಇದೇ.

ಚಾರ್ಜಿಗೆ ಒಂದು ಹೊತ್ತು ಗೊತ್ತು ಮಾಡಿ. ಆ್ಯಪಲ್, ಸ್ಯಾಮ್‌ಸಂಗ್ ವಾಚುಗಳಿಗೆ ಹೆಚ್ಚುಕಡಿಮೆ ದಿನಾ ಚಾರ್ಜ್ ಬೇಕು. ಸಂಜೆ ಧಾರಾವಾಹಿ ನೋಡುವ ಹೊತ್ತು ಅನುಕೂಲ, ಏಕೆಂದರೆ ಆಗ ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ರಾತ್ರಿ ಚಾರ್ಜಿಗೆ ಹಾಕಿದರೆ ಮೂತ್ರಕ್ಕೆಂದು ಎದ್ದಾಗ ಕೈ ಖಾಲಿಯಿರುತ್ತದೆ.

## ಹಂತ 8: ಎಚ್ಚರಿಕೆಯ ಸೂಚನೆಗಳನ್ನು ಓದುವುದು

ಒಂದು ಅಂಕಿಯಿಂದ ಏನನ್ನೂ ನಿರ್ಧರಿಸಬೇಡಿ. ಮಲಗಿದಾಗ ಕೈ ಅದುಮಿಹೋಗಿದ್ದರೆ ಆಮ್ಲಜನಕದ ಅಂಕಿ 88ಕ್ಕೂ ಇಳಿದು ಕಾಣಬಹುದು. ಕೈ ತಣ್ಣಗಿದ್ದರೂ ಹಾಗೆಯೇ. ಎದ್ದು ಕೂತು, ಕೈ ಬೆಚ್ಚಗೆ ಮಾಡಿಕೊಂಡು ಬೆರಳಿನ ಆಕ್ಸಿಮೀಟರ್‌ನಲ್ಲಿ ನೋಡಿ. ಅದರಲ್ಲೂ ಮತ್ತೆ ಮತ್ತೆ 92ಕ್ಕಿಂತ ಕಡಿಮೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಕೂತಾಗಲೂ ನಾಡಿ 120ರ ಮೇಲೆ ನಿಂತಿದ್ದರೆ ಅಥವಾ 40ರ ಕೆಳಗಿಳಿದು ತಲೆಸುತ್ತು ಬಂದರೆ, ತಾಳತಪ್ಪಿದ ಬಡಿತದ ಸೂಚನೆ ಬಂದರೆ, ಆ ದಿನವೇ ತೋರಿಸಬೇಕು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ತಮಗೆ ಎಷ್ಟರವರೆಗೆ ಇಳಿಯಬಹುದು ಎಂದು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಲಿ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕಾರಿ. ಎದೆಯಲ್ಲಿ ಹಿಂಡಿದಂತೆ ನೋವು, ತಣ್ಣನೆ ಬೆವರು, ಉಸಿರು ಸಿಗದಿರುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈಯ ಬಲ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ವಾಚು ನೋಡುತ್ತಾ ಕೂರಬಾರದು. ಇಸಿಜಿ ಸಹಜವೆಂದು ಬಂದರೂ 108ಕ್ಕೆ ಕರೆ ಮಾಡಬೇಕು. ಗೋಡೆಗೊರಗಿ ನಿಧಾನವಾಗಿ ಕುಸಿದರೆ, ಮಂಚದಿಂದ ಜಾರಿದರೆ ವಾಚು ಅದನ್ನು ಬೀಳುವಿಕೆಯೆಂದು ಗುರುತಿಸದಿರಬಹುದು. ಆದ್ದರಿಂದ ಬೆಳಗಿನ ಕುಶಲ ವಿಚಾರಿಸುವ ಫೋನು ಕರೆಯನ್ನು ವಾಚಿದೆ ಎಂದು ನಿಲ್ಲಿಸಬೇಡಿ. ಪಟ್ಟಿಯ ಕೆಳಗೆ ಕೆಂಪಾಗಿ ತುರಿಸಿದರೆ ಬಿಚ್ಚಿ, ಚರ್ಮ ಒಣಗಿಸಿ, ಬಟ್ಟೆಯ ಪಟ್ಟಿ ಹಾಕಿ ಇನ್ನೊಂದು ಕೈಗೆ ಕಟ್ಟಿ.

## ಹಂತ 9: ತಿಂಗಳಿಗೊಮ್ಮೆ

ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಆ್ಯಪ್‌ನ ಅನುಮತಿಗಳು ಬದಲಾಗಿರಬಹುದಾದ್ದರಿಂದ ಆರನೆಯ ಹಂತದ ಬ್ಯಾಟರಿ ಸೆಟ್ಟಿಂಗ್ಸ್ ಇನ್ನೊಮ್ಮೆ ನೋಡಿ, ಎಸ್‌ಒಎಸ್ ಒತ್ತಿಸಿ. ವಾಚಿನ ಕಂಪನಿಯವರೆಂದು ಹೇಳಿ ಒಟಿಪಿ ಕೇಳುವ ಕರೆ ಬಂದರೆ ಕೊಡಬಾರದೆಂದು ಹಿರಿಯರಿಗೆ ನೆನಪಿಸಿ. ವೈದ್ಯರಲ್ಲಿಗೆ ಹೋಗುವಾಗ ಸಾವಿರ ಅಂಕಿಗಳ ಗ್ರಾಫ್ ತೋರಿಸುವ ಬದಲು, ಎಚ್ಚರಿಕೆ ಬಂದ ದಿನ, ಹೊತ್ತು, ಆಗ ಏನು ಮಾಡುತ್ತಿದ್ದರು, ತೋಳಿನ ಯಂತ್ರದಲ್ಲಿ ಬಿಪಿ ಎಷ್ಟಿತ್ತು ಎಂಬುದನ್ನು ಅರ್ಧ ಹಾಳೆಯಲ್ಲಿ ಬರೆದು ಇಸಿಜಿ ಪಿಡಿಎಫ್ ಜೊತೆ ಕೊಡಿ. ಪಕ್ಕದ ಮನೆಯವರು ಊರಿಗೆ ಹೋಗಿದ್ದರೆ, ಬಾಡಿಗೆದಾರರು ಖಾಲಿ ಮಾಡಿದ್ದರೆ, ಮಗ ಸಿಮ್ ಬದಲಾಯಿಸಿದ್ದರೆ ಅದೇ ದಿನ ತುರ್ತು ಸಂಪರ್ಕದ ಮೊದಲ ಸಂಖ್ಯೆಯನ್ನು ತಿದ್ದಿ, ಹೊಸಬರ ಕೈಗೆ ಬೀಗದ ಕೈ ಕೊಡಿ.